ಹೆಸರು ಕೊರೆಸಿದ ತಟ್ಟೆ

ಅವನ ಹೆಸರು ಕೇಳಿ ಕುಸುಮ ನಕ್ಕಳು. ನಗು ತಡೆಯಲು ವೇಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡರೂ ಕಣ್ಣು ಮಾತ್ರ ನಗುತ್ತಲೇ ಇತ್ತು.

“ಚಿಕ್ಕಮಾದಪ್ಪ? ತಾತನ ಎಸ್ರು ಮಡಗವ್ರಾ ನಿಂಗ?”

“ತಾತಂದಲ್ಲ ಮೇಡಮ್. ತಾತನ ಅಪ್ಪಂದು.”

“ಅಯ್ಯೋ, ಅಂಗಾದ್ರ ಇನ್ನೂ ಮುದ್ಕ!”

ಚಿಕ್ಕಮಾದಪ್ಪನಿಗೆ ಕೋಪ ಬರಬೇಕಿತ್ತು. ಅವನಿಗೆ ಕೋಪ ಬರಲು ಇಷ್ಟು ಸಾಕು. ಒಂಬತ್ತನೇ ಕ್ಲಾಸಿನಲ್ಲಿ ಎಲ್ಲರೆದುರು ತನ್ನನ್ನು ಕೇರಿಯ ಹೆಸರು ಹಿಡಿದು ಕರೆದ ಮೇಷ್ಟ್ರ ಬೈಕಿನ ಹೆಡ್‌ಲೈಟಿಗೆ ಕಲ್ಲು ಬೀಸಿ, ಬ್ಯಾಗನ್ನೂ ಅಲ್ಲೇ ಬಿಟ್ಟು, ಲೊಕ್ಕನಹಳ್ಳಿಯ ಮನೆಗೆ ನಡೆದುಹೋದವನು ಅವನು. ಅಲ್ಲಿಗೆ ಸ್ಕೂಲು ಮುಗಿಯಿತು. ಆಮೇಲೆ ಹನೂರಿನ ಪೈಪಿನ ಅಂಗಡಿ. ಇವನಿಗೆ ಕೈ ಮೊದಲು, ಮಾತು ಆಮೇಲೆ ಅಂತ ಅಂಗಡಿಯಲ್ಲೂ ಹೇಳುತ್ತಿದ್ದರು. ಆದರೆ ಅವತ್ತು ಆ ಹಲ್ಲಿನ ನಡುವೆ ಸಿಕ್ಕ ವೇಲಿನ ತುದಿ ನೋಡುತ್ತ ನಿಂತವನಿಗೆ ತನ್ನ ಕೋಪವನ್ನು ಎಲ್ಲಿಟ್ಟೆ ಅನ್ನುವುದೇ ಮರೆತುಹೋಯಿತು.

ಅಜ್ಜೀಪುರದ ಕುಸುಮಳ ಮನೆಯ ಹಿತ್ತಲಿಗೆ ಪಕ್ಕದ ಓಣಿಯಿಂದ ದಾರಿ. “ಮುಂದ್ಗಡ ಬಾಗ್ಲಿಗ ಓಗ್ಬ್ಯಾಡ ಕಣ್ಲಾ, ಓಣೀಲಿ ಓಗು,” ಎಂದು ಅಂಗಡಿಯ ಸಾಹುಕಾರ ರಂಗನಾಯಕಣ್ಣ ಮೊದಲೇ ಹೇಳಿ ಕಳಿಸಿದ್ದ. ಹಿತ್ತಲಿನ ಸುತ್ತ ಬಲೆ, ಮೇಲೆ ತಗಡು, ಒಳಗೆ ನಾಟಿಕೋಳಿ. ಮೊದಲು ಅವನ್ನು ಬೀದಿಗೆ ಬಿಡುತ್ತಿದ್ದರಂತೆ. ಮುಂಗುಸಿಯೂ ಕಾಡುಬೆಕ್ಕೂ ಸೇರಿ ಅರ್ಧ ಮುಗಿಸಿದ ಮೇಲೆ ಕುಸುಮ ಹಟ ಮಾಡಿ ಬಲೆ ಹಾಕಿಸಿದ್ದಳು. ಕೋಳಿಗಳು ಅವಳವು. ಕೊಳ್ಳೇಗಾಲದ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಗಂಡು ಗೊತ್ತಾಗುವವರೆಗೆ ಮನೆಯಲ್ಲಿ ಕೂತಿದ್ದವಳು. ಆ ಮನೆಯಲ್ಲಿ ‘ನನ್ನದು’ ಅನ್ನಲು ಅವಳಿಗಿದ್ದದ್ದು ಈ ಕೋಳಿಗಳು ಮಾತ್ರ.

ಅವಕ್ಕೆ ಕುಡಿಯಲು ಒಡೆದ ಮಡಕೆಯ ತಳ ಇಟ್ಟಿದ್ದಳು. ಅದರೊಳಗೇ ಕಾಲಿಡುವುದು, ಅದರೊಳಗೇ ಕೆದಕುವುದು, ಹಿಕ್ಕೆ ಹಾಕುವುದು, ಆಮೇಲೆ ಅದನ್ನೇ ಕುಡಿಯುವುದು. ಹೋದ ವರ್ಷ ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಹರಡಿತ್ತು.

“ಒಂದು ಬಾಯಿಟ್ಟ ನೀರ್ನ ಇನ್ನೊಂದು ಕುಡೀಬಾರ್ದು. ಅಂಥದ್ದು ಯಾವ್ದದ ನಿಮ್ಮಂಗ್ಡೀಲಿ?” ಎಂದು ಕೇಳಿದಳು.

“ಇದು ತಕಂಡ್ ಬಂದಿವ್ನಿ ಮೇಡಮ್. ಡಬ್ಬ ತುಂಬ್ಸಿ ಕವುಚಿದ್ರ ಆಯ್ತು. ಕುಡ್ದಂಗೆಲ್ಲ ಕೆಳಗ್ನ ತಟ್ಟಗ ನೀರು ಇಳೀತದ.”

“ಮೇಡಮ್ ಅನ್ಬ್ಯಾಡ. ನಾನೇನು ಟೀಚರಾ?”

“ಮತ್ತ? ಅಕ್ಕ ಅನ್ಲಾ?”

ಅವಳು ಕಣ್ಣು ಕಿರಿದು ಮಾಡಿ, ಅವನ ಧೂಳು ಹಿಡಿದ ಚಪ್ಪಲಿಯಿಂದ ಹಿಡಿದು ಬೆವರಿಗೆ ಅಂಟಿದ ಕೂದಲವರೆಗೆ ನಿಧಾನವಾಗಿ ಅಳೆದಳು. “ಅಂದು ನೋಡು,” ಎಂದಳು.

ಅವನು ಅನ್ನಲಿಲ್ಲ.

ಬಿಸಿಲಿಗೆ ಗಂಟಲು ಒಣಗಿ ಅವನು ನೀರು ಕೇಳಿದ. ಕೋಳಿಗೂಡಿನ ತಗಡಿನ ಸಂದಿಯಿಂದ ಒಂದು ಪ್ಲಾಸ್ಟಿಕ್ ಬಾಟಲಿ ತೆಗೆದು, ತೊಳೆದು, ತುಂಬಿ ಕೊಟ್ಟಳು. ಅವನು ತಲೆ ಹಿಂದಕ್ಕೆ ಬಾಗಿಸಿ ಎತ್ತಿ ಕುಡಿದ. ಅವನ ಗಂಟಲಿನ ಗಂಟು ಏರಿ ಇಳಿಯುವುದನ್ನು ಅವಳು ನೋಡಿದಳು. ಅವಳು ನೋಡುವುದನ್ನು ಅವನು ಓರೆಗಣ್ಣಿನಲ್ಲಿ ನೋಡಿ, ಬೇಕಂತಲೇ ಇನ್ನೊಂದು ಗುಟುಕು ಹೆಚ್ಚು ಕುಡಿದ. ಬಾಟಲಿ ಎಲ್ಲಿಂದ ಬಂತು, ಮತ್ತೆ ಎಲ್ಲಿಗೆ ಹೋಯಿತು ಅನ್ನುವ ಕಡೆ ಗಮನ ಕೊಡಲಿಲ್ಲ.

ಮೊದಲ ಮಾತಿನಿಂದಲೇ ಅವಳು ಅವನನ್ನು ನೀನು ಅಂದಿದ್ದಳು. ಅವನು ಅದನ್ನು ಸಲಿಗೆ ಅಂದುಕೊಂಡು ದಾರಿಯುದ್ದಕ್ಕೂ ನಗುತ್ತ ಹೋದ. ಆ ಸೀಮೆಯಲ್ಲಿ ಅವನ ಅಪ್ಪನನ್ನು ಮೀಸೆ ಮೂಡದ ಹುಡುಗರೂ ನೀನು ಅನ್ನುತ್ತಾರೆ. ಗೊತ್ತಿರಲಿಲ್ಲವೇ? ಗೊತ್ತಿತ್ತು. ಮರೆಯಬೇಕು ಅಂತಲೇ ಮರೆತ.

*

ಸ್ವಲ್ಪ ದಿನಕ್ಕೆ ಅಂಗಡಿಗೆ ಫೋನ್ ಬಂತು.

“ನಿಮ್ ಡಬ್ಬ ಸರಿ ಇಲ್ಲ. ಆ ಮುದ್ಕನ್ನೇ ಕಳ್ಸಿ.”

“ಯಾವ ಮುದ್ಕನ್ಲಾ? ನಮ್ಮಂಗ್ಡೀಲಿ ನನ್ಬುಟ್ರ ಇನ್ಯಾವ ಮುದ್ಕ ಅವ್ನೆ?” ಎಂದು ರಂಗನಾಯಕಣ್ಣ ತಲೆ ಕೆರೆದುಕೊಂಡ. ಚಿಕ್ಕಮಾದಪ್ಪ ಆಗಲೇ ಬೈಕಿಗೆ ಒದ್ದಿದ್ದ.

ಡಬ್ಬದ ಮೇಲೆ ಕೋಳಿ ಹತ್ತಿ ಕೂರುತ್ತಿದ್ದವು, ಉರುಳಿಸುತ್ತಿದ್ದವು. ಅದು ನಿಜ. ಅದರ ಬದಲು ಗಂಟೆಯ ಹಾಗೆ ತೂಗುವ ನೀರಿನ ಡ್ರಿಂಕರ್ ತಂದು ತಗಡಿನ ತೊಲೆಗೆ ಕಟ್ಟಿದ. ಹುಂಜ ಅದನ್ನು ಇನ್ನೊಂದು ಹುಂಜ ಅಂದುಕೊಂಡಿತೋ ಏನೋ, ಕತ್ತಿನ ಪುಕ್ಕ ಕೆದರಿ ಹಾರಿ ಹಾರಿ ಒದೆಯಿತು. ನೀರೆಲ್ಲ ಚಿಕ್ಕಮಾದಪ್ಪನ ಮೇಲೆ.

“ನಿನ್ ಕಂಡ್ರ ಅದ್ಕ ಆಗಲ್ಲ,” ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಯಾಕ, ಅದ್ಕೂ ನನ್ ಮ್ಯಾಲ ಕಣ್ಣಾ?”

“ಅದ್ಕೂ ಅಂದ್ರ? ಇನ್ಯಾರ್ಗದ?”

ಅವನು ಅಂಗಿ ಹಿಂಡಿದ. ಹಿಂಡುತ್ತ ನೋಡಿದ. ಅವಳ ಕಿವಿಯ ತುದಿ ಕೆಂಪಾಗಿತ್ತು.

ಅವಳ ಮಡಿಲಲ್ಲಿ ಒಂದು ಕೆಂಪು ಹೇಟೆಕೋಳಿ ಬಂದು ಕೂತಿತು. ಅದು ಕೆಂಪಿ. ಉಳಿದವೆಲ್ಲ ಮಡಕೆಯಲ್ಲಿ ಕುಡಿದರೆ ಕೆಂಪಿಗೆ ಕುಸುಮಳ ಬೊಗಸೆಯೇ ಬೇಕು; ಕೊಕ್ಕು ಅದ್ದಿ, ತಲೆ ಎತ್ತಿ, ಕಣ್ಣು ಮುಚ್ಚಿ ನುಂಗುತ್ತಿತ್ತು. ಚಿಕ್ಕಮಾದಪ್ಪ ಸವರಲು ಕೈ ಚಾಚಿದ. ಕೆಂಪಿ ರಕ್ತ ಬರುವ ಹಾಗೆ ಕುಕ್ಕಿತು.

“ಯಾರು ಎಂಥವ್ರು ಅಂತ ಅವಳ್ಗ ಗೊತ್ತಾಯ್ತದ,” ಎಂದಳು ಕುಸುಮ. ಮಾತು ಚುಚ್ಚುವ ಹಾಗಿತ್ತು, ದನಿ ಸವರುವ ಹಾಗಿತ್ತು. ಒಳಗೆ ಹೋಗಿ ಅರಿಶಿನ ತಂದು, ಅವನ ಬೆರಳಿಗೆ ತಾಗದ ಹಾಗೆ ಮೇಲಿನಿಂದ ಉದುರಿಸಿದಳು. ಅಡುಗೆಮನೆಯ ಬಾಗಿಲಲ್ಲಿ ಅವಳ ತಾಯಿ ದೊಡ್ಡಮಾದಮ್ಮ ನಿಂತಿದ್ದಳು. ತಾಯಿ ನೋಡುತ್ತಿದ್ದಾಳೆ ಅಂತ ಮುಟ್ಟಲಿಲ್ಲ, ಅಷ್ಟೇ ಅಂದುಕೊಂಡ ಅವನು.

*

ಮೂರನೇ ಸಲ ಬಟ್ಟಲಿನಂಥವು ತಂದ. ಪೈಪಿಗೆ ಕೂರಿಸುವ ಕೆಂಪು ಬಟ್ಟಲು. ಕೊಕ್ಕು ತಾಗಿದರೆ ನೀರು ತುಂಬಿಕೊಳ್ಳುತ್ತದೆ. ಅವಕ್ಕೆ ಏನೂ ದೋಷವಿರಲಿಲ್ಲ. ಆದರೂ ವಾರದೊಳಗೆ ಫೋನ್: “ಮಣ್ಣು ತುಂಬ್ಕತದ. ಬಾ.”

ಬಂದು ನೋಡಿದ. ಎಲ್ಲ ಬಟ್ಟಲಿಗೂ ಮಣ್ಣು ಮೆತ್ತಿತ್ತು, ಕೋಳಿಯ ಕೊಕ್ಕು ತಲುಪದ ಹಿಂಬದಿಯ ಬಟ್ಟಲಿಗೂ. ಅವನು ತಿರುಗಿ ಅವಳ ಕೈ ನೋಡಿದ. ಉಗುರಿನ ಸಂದಿಯಲ್ಲೆಲ್ಲ ಕೆಮ್ಮಣ್ಣು.

“ಕೋಳಿ ಮೆತ್ತಿದ್ದಾ?”

“ಊ.”

“ಬಾರಿ ಬುದ್ವಂತ ಕೋಳಿ. ಕೈಲೇ ಮೆತ್ತತದ.”

ಅವಳು ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಸಿಕ್ಕಿಬಿದ್ದ ಕಳ್ಳಿಯ ಮುಖದಲ್ಲಿ ನಗು ಬರಲೋ ಬೇಡವೋ ಅನ್ನುತ್ತಿತ್ತು. ಗೂಡಿನ ಹಿಂದೆ, ಅಡುಗೆಮನೆಯ ಬಾಗಿಲಿಗೆ ಕಾಣದ ಜಾಗದಲ್ಲಿ, ಅವಳೇ ಒಂದು ಹೆಜ್ಜೆ ಮುಂದೆ ಬಂದು ಅವನ ಮಣಿಕಟ್ಟು ಹಿಡಿದಳು. ಕೆಂಪಿ ಕುಕ್ಕಿದ ಬೆರಳನ್ನು ತಿರುಗಿಸಿ ನೋಡಿದಳು.

“ವಾಸಿಯಾಯ್ತಾ?”

“ಆಗ್ಬ್ಯಾಡ ಅಂತಿದ್ದೆ,” ಎಂದ ಚಿಕ್ಕಮಾದಪ್ಪ.

ಅವಳ ಹೆಬ್ಬೆರಳು ಆ ಗಾಯದ ಮೇಲೆ ಹಗುರವಾಗಿ ಒಮ್ಮೆ ಹರಿದಾಡಿತು. ಹುಟ್ಟಿದಾಗಿನಿಂದ ಯಾರ್ಯಾರ ಮೇಲೋ ಬಿಗಿಹಿಡಿದುಕೊಂಡಿದ್ದ ಮುಷ್ಟಿ ಆ ಹೆಬ್ಬೆರಳಿನ ಕೆಳಗೆ ಬಿಚ್ಚಿಕೊಂಡಿತು.

“ಯಳಂದೂರ್ನಲ್ಲಿ ಒಂದು ಮಳಿಗೆ ನೋಡಿವ್ನಿ,” ಎಂದ. “ಬಸ್‌ಸ್ಟ್ಯಾಂಡ್ ತಾವ. ಪೈಪು, ಮೋಟ್ರು, ಡ್ರಿಂಕರ್ರು. ನನ್ದೇ ಅಂಗ್ಡಿ. ಇಂದ್ಗಡ ಒಂದು ರೂಮದ, ರೂಮಿನ್ ಇಂದ್ಗಡ ಒಸಿ ಜಾಗದ.”

“ನಂಗ್ಯಾಕ ಯೋಳ್ತಿದ್ದಯ?”

“ಕೋಳಿ ಸಾಕಾಕ ಜಾಗ ಸಾಕಾಯ್ತದಾ ಅಂತ ಕೇಳಾಕ.”

ಅವಳು ಉಗುರಿನ ಸಂದಿಯ ಕೆಮ್ಮಣ್ಣನ್ನು ಕೆದಕಿ ತೆಗೆದಳು. ಆಮೇಲೆ, “ಕೆಂಪಿನ ಮಡ್ಲಲ್ಲೇ ಕೂರುಸ್ಕಂಡು ಬತ್ತೀನಿ. ಬಸ್ನವ್ನು ಟಿಕೆಟ್ ಕೇಳುದ್ರ ನೀನೇ ಕೊಡ್ಬೇಕು,” ಎಂದಳು.

ಇಷ್ಟೇ. ಇದಕ್ಕಿಂತ ದೊಡ್ಡ ಮಾತನ್ನು ಚಿಕ್ಕಮಾದಪ್ಪ ತನ್ನ ಬದುಕಿನಲ್ಲಿ ಕೇಳಿರಲಿಲ್ಲ.

“ಇನ್ನ ಒಂದೇ ತರದ್ದು ಉಳ್ದಿರಾದು,” ಎಂದ. “ಪೈಪ್ನಲ್ಲಿ ಪಿನ್ ಇರ್ತದ. ಕುಕ್ಕುದ್ರ ತೊಟ್ಟು ತೊಟ್ಟು ನೀರು ಬತ್ತದ. ನಿಲ್ಲಲ್ಲ, ಚೆಲ್ಲಲ್ಲ, ಯಾರೂ ಬಾಯಿಟ್ಟು ಗಲೀಜು ಮಾಡಾಕಾಗಲ್ಲ. ಅದ್ಕ… ಪಿನ್ ಸಿಸ್ಟಮ್ ಅಂತಾರ.”

“ನಿಪ್ಪಲ್ ಅಂತ ಅನ್ನಾಕ ನಾಚ್ಕನಾ? ಯೂಟ್ಯೂಬ್ನಲ್ಲಿ ಎಲ್ಲಾರೂ ಅಂಗೇ ಅಂತಾರ.”

ಅವನ ಕರೀ ಮುಖವೂ ಕೆಂಪಾಯಿತು. ಅವಳು ವೇಲು ಕಚ್ಚಿಕೊಂಡಳು.

“ಒಂದು ಮಾತು,” ಎಂದ, ಮಾನ ಉಳಿಸಿಕೊಳ್ಳಲು ಕೆಲಸದ ದನಿ ತಂದುಕೊಂಡು. “ಅದ್ನ ಆಕುದ್ ತಕ್ಷಣ ಅಳೇ ಮಡ್ಕ ತೆಗೀಬಾರ್ದು. ವಾರ ಪಕ್ಕದಲ್ಲೇ ಇರ್ಲಿ. ದೊಡ್ಡ ಕೋಳಿಗ ಅಭ್ಯಾಸ ಆಗ್ಬೇಕು. ಇಲ್ದಿದ್ರ ನೀರು ಅಲ್ಲೇ ಇದ್ರೂ ಗೊತ್ತಾಗ್ದೆ ಸತ್ತೋಯ್ತವ.”

*

ಏಪ್ರಿಲ್ ಬಿಸಿಲಿನಲ್ಲಿ, ಹಳೆಯ ಡ್ರಿಂಕರ್, ಬಟ್ಟಲು ಎಲ್ಲ ಬಿಚ್ಚಿ, ಮಡಕೆಯೊಂದನ್ನು ಬಿಟ್ಟು, ಪಿನ್ನಿನ ಪೈಪು ಕೂರಿಸಿದ. ಕೆಲಸ ಮುಗಿಯುವ ಹೊತ್ತಿಗೆ ಕುಸುಮ ಒಳಗಿನಿಂದ ಏನನ್ನೋ ಬೆನ್ನ ಹಿಂದೆ ಹಿಡಿದು ತಂದಳು.

“ಕಣ್ಮುಚ್ಚು.”

ಮುಚ್ಚಿದ.

“ತಗಿ.”

ಹೊಸ ಸ್ಟೀಲ್ ತಟ್ಟೆ, ಹೊಸ ಲೋಟ. ಬಿಸಿಲು ಬಿದ್ದು ಕಣ್ಣು ಕುಕ್ಕಿತು. ತಟ್ಟೆಯ ಅಂಚಿನಲ್ಲಿ, ಪಾತ್ರೆ ಅಂಗಡಿಯವರು ಮೆಷಿನ್ನಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆಯುತ್ತಾರಲ್ಲ, ಹಾಗೆ: ಚಿಕ್ಕಮಾದಪ್ಪ. ಲೋಟದ ಮೇಲೂ.

“ಕೊಳ್ಳೇಗಾಲಕ್ಕ ಓಗಿ ತಂದೆ,” ಎಂದಳು. “ಅಂಗ್ಡಿಯವ್ನು ಕೇಳ್ದ, ಯಾರಮ್ಮ ಇದು, ನಿಮ್ ತಾತನಾ ಅಂತ. ಊ ಅಂದೆ.”

ಅವನು ಬೆರಳಿನಿಂದ ಆ ಅಕ್ಷರಗಳನ್ನು ಸವರಿದ. ಗರಗಸದ ಹಾಗೆ ತರಿತರಿಯಾಗಿದ್ದವು. ಅವನ ಹೆಸರನ್ನು ಸ್ಕೂಲಿನ ಹಾಜರಿ ಬಿಟ್ಟು ಬೇರೆಲ್ಲೂ ಯಾರೂ ಬರೆಸಿರಲಿಲ್ಲ. ಯಳಂದೂರಿನ ಆ ರೂಮಿನಲ್ಲಿ, ನೆಲದ ಮೇಲೆ, ಈ ಒಂದೇ ತಟ್ಟೆಯಲ್ಲಿ ಇಬ್ಬರೂ ಉಣ್ಣುವುದು ಅವನ ಕಣ್ಣಿಗೆ ಕಂಡುಬಿಟ್ಟಿತು.

ಅವಳು ಅದರಲ್ಲೇ ಮುದ್ದೆ, ಉಪ್ಪೆಸರು ಬಡಿಸಿದಳು. ಗೂಡಿನ ನೆರಳಿನಲ್ಲಿ ಕೂತು ಎರಡು ತುತ್ತು ನುಂಗಿದ್ದ. ಅಡುಗೆಮನೆಯ ಬಾಗಿಲಿನಿಂದ ದೊಡ್ಡಮಾದಮ್ಮನ ದನಿ ಬಂತು. ಬೈಗುಳದ ದನಿಯಲ್ಲ. ಜೇನಿನಂಥ ದನಿ.

“ಅಮ್ಮೀ, ಉಂಡಾದ್ಮ್ಯಾಲ ಅವ್ನೇ ತೊಳ್ದು ಗೂಡ್ ಮ್ಯಾಲ ಮಡಗ್ಲಿ. ಮರ್ತು ಒಳಕ್ಕ ತಂದ್ಬುಟ್ಟಿಯ. ಪಾಪ, ಒಳ್ಳೆ ಹೈದ. ಬಂದಾಗ್ಲೆಲ್ಲ ಅವ್ನ ತಟ್ಟೇಲೇ ಉಣ್ಲಿ.”

ಮೂರನೇ ತುತ್ತನ್ನು ಚಿಕ್ಕಮಾದಪ್ಪ ತಟ್ಟೆಗೇ ಇಳಿಸಿದ.

“ಇದ್ನ ತರಾಕ ನಿಮ್ಮವ್ವ ಒಪ್ಪುದ್ಲಾ?” ಎಂದು ನಿಧಾನವಾಗಿ ಕೇಳಿದ.

“ಮೊದ್ಲು ಬ್ಯಾಡ ಅಂದ್ಲು. ಪ್ಲಾಸ್ಟಿಕ್ ಬಾಟ್ಲು ಅದಲ್ಲ, ಸಾಕು ಅಂದ್ಲು. ನಾನು ಬುಡ್ಲಿಲ್ಲ. ಎಸ್ರು ಕೊರ್ಸಿಬುಟ್ರ ನಮ್ ತಟ್ಟೆಗಳ ಜೊತ ಸೇರ್ಕಳಲ್ಲ ಕಣವ್ವ ಅಂದೆ. ಆಗ ಊ ಅಂದ್ಲು!”

ಗೆದ್ದವಳ ಮುಖ. ಪಂದ್ಯ ಗೆದ್ದು, ಬಹುಮಾನ ತಂದು, ಅವನ ಕೈಗೆ ಕೊಟ್ಟವಳ ಮುಖ. ಕೇಡಿಯ ಮುಖವಾಗಿದ್ದರೆ ಉಗಿದು ಹೋಗಬಹುದಿತ್ತು. ಅವಳು ಪ್ರೀತಿಯಿಂದಲೇ ತಂದಿದ್ದಳು. ಊರೂರಿನ ಸೂರಿನ ಕೆಳಗೆ ಅವನ ಅಪ್ಪನಿಗೆ, ತಾತನಿಗೆ, ಆ ತಾತನ ಅಪ್ಪ ಚಿಕ್ಕಮಾದಪ್ಪನಿಗೆ ಎತ್ತಿಟ್ಟಿದ್ದ ಬೇರೆ ಲೋಟವನ್ನೇ ಅವಳು ಪ್ರೀತಿಯಿಂದ ಹೊಸದು ಮಾಡಿ, ಹೆಸರು ಕೊರೆಸಿ, ಹೊಳಪು ಕೊಟ್ಟು ತಂದಿದ್ದಳು.

“ಕುಸುಮಾ,” ಎಂದ. ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. “ನಿಮ್ಮಟ್ಟಿ ಚೊಂಬ್ನಲ್ಲಿ ನೀರು ಕೊಡು.”

“ಲೋಟ ಅದಲ್ಲ…”

“ಲೋಟ ಬ್ಯಾಡ. ಒಳ್ಗಡ ಚೊಂಬು. ನಿಮ್ಮಟ್ಟಿಗ ಬಂದವ್ರಿಗೆಲ್ಲ ಕೊಡ್ತೀರಲ್ಲ, ಅದು.”

ಅವಳು ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಅಷ್ಟೇ. ಬರೀ ಒಂದು ನೋಟ. ಇಷ್ಟು ದಿನ ಅವಳ ಎಷ್ಟೋ ನೋಟಗಳನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗಿದ್ದವನಿಗೆ, ಈ ಒಂದು ನೋಟ ಅವನ್ನೆಲ್ಲ ಕಿತ್ತುಕೊಂಡಿತು.

“ಇವತ್ತು ಬ್ಯಾಡ ಕಣಾ,” ಎಂದು ದನಿ ತಗ್ಗಿಸಿದಳು. “ನಿಧಾನ. ನೀನೇ ಯೋಳ್ಲಿಲ್ವ, ಅಳೇ ಮಡ್ಕೇನೂ ವಾರ ಇರ್ಲಿ, ಕೋಳಿಗ ಅಭ್ಯಾಸ ಆಗ್ಬೇಕು ಅಂತ? ಅವ್ವಂಗೂ ಅಂಗೇ. ಅಭ್ಯಾಸ ಆಯ್ತದ.”

ಚಿಕ್ಕಮಾದಪ್ಪ ಎದ್ದ. ತಟ್ಟೆ ಬೀಸಲಿಲ್ಲ. ಕಲ್ಲು ಎತ್ತಲಿಲ್ಲ. ಉಳಿದ ಮುದ್ದೆಯನ್ನು ಕೋಳಿಗಳಿಗೆ ಹಾಕಿದ. ನಲ್ಲಿಯ ಕೆಳಗೆ ತಟ್ಟೆ, ಲೋಟ ತೊಳೆದ. ಗೂಡಿನ ಮೇಲೆ, ಬಾಟಲಿಯ ಪಕ್ಕ, ಮೆತ್ತಗೆ ಇಟ್ಟ. ಜನ್ಮದಲ್ಲಿ ಮೊದಲ ಸಲ ಅವನ ಕೈ ಸುಮ್ಮನಿತ್ತು, ಮಾತು ಮುಂದೆ ಬಂತು. ಕಲ್ಲನ್ನೇ ಬೀಸಿದ್ದರೆ ಎಷ್ಟೋ ಚೆನ್ನಾಗಿತ್ತು.

“ಈ ಮಡ್ಕ ಇನ್ ಬ್ಯಾಡ,” ಎಂದ.

“ಅಯ್ಯೋ, ವಾರ ಅಂದೆ?”

“ಅದು ಅಳೇ ಮಾಡಲ್ದು. ಇದು ಒಸ್ದು. ಬ್ಯಾರೆ ನೀರು ಕಂಡ್ರ ಇದ್ರ ಕಡ ತಿರ್ಗೂ ನೋಡಲ್ಲ. ಒಂದ್ ತೊಟ್ಟೂ ಬ್ಯಾರೆ ಮಡಗ್ಬ್ಯಾಡ. ಬಾಯಾರುದ್ರ ತಾವೇ ಕಲೀತವ.”

ಅವಳ ಕಣ್ಣಿನಲ್ಲಿ ಅನುಮಾನ ಬಂತು. ಅವನ ಮುಖ ನೋಡಿ ಆ ಅನುಮಾನ ತಾನೇ ನಾಚಿಕೊಂಡು ಹೋಯಿತು.

“ನೀನು ಯೋ‍ಳ್ದಂಗ,” ಎಂದಳು.

ಮಡಕೆಯ ತಳವನ್ನು ಎತ್ತಿಕೊಂಡು ಹೋಗಿ, ಓಣಿಯ ಕಲ್ಲಿಗೆ ಬಡಿದು ಚೂರು ಮಾಡಿ, ಬೈಕು ಹತ್ತಿದ.

*

ಸಂಜೆ ಅವಳ ಫೋನ್ ಬಂತು. ಅವನು ಎತ್ತಲಿಲ್ಲ. ಮತ್ತೆ ಬಂತು. ಸ್ವಿಚ್ ಆಫ್ ಮಾಡಿದ. ಬೆಳಿಗ್ಗೆ ಅಂಗಡಿಯ ಫೋನ್ ಹೊಡೆದುಕೊಂಡಿತು. ರಂಗನಾಯಕಣ್ಣ ಇರಲಿಲ್ಲ, ಇವನೇ ಎತ್ತಿದ.

“ಹಲೋ ಅಣ್ಣ, ಅಜ್ಜೀಪುರದಿಂದ… ಕೋಳಿ ನೀರು ಕುಡೀತಾ ಇಲ್ಲ ಅಣ್ಣ, ಚಿಕ್ಕಮಾದಪ್ಪ ಅಲ್ಲವ್ನಾ?”

ಮಾತಾಡದೆ ಇಟ್ಟುಬಿಟ್ಟ. ಬಾಯಾರಲಿ, ಎಂದುಕೊಂಡ. ಬಾಯಾರಿಕೆ ಅಂದರೆ ಏನು ಅಂತ ಆ ಮನೆಗೆ ಗೊತ್ತಾಗಲಿ. ಮನಸ್ಸಿನಲ್ಲಿ ದೊಡ್ಡಮಾದಮ್ಮನ ಜೊತೆ ಜಗಳ ಆಡಿ ಆಡಿ ಗೆದ್ದ. ಗೆದ್ದಷ್ಟೂ ಉರಿ ಹೆಚ್ಚಾಯಿತು.

ಮಧ್ಯಾಹ್ನ ಅಂಗಡಿಯ ಮುಂದೆ ನಿಂತ ಗಾಡಿಯ ನೆರಳಿನಲ್ಲಿ ಯಾರದೋ ಕೋಳಿ ಬಂದು ನಿಂತಿತು. ಕೊಕ್ಕು ತೆರೆದಿತ್ತು. ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ಏದುಸಿರು ಬಿಡುತ್ತಿತ್ತು. ಗಂಟಲು ಏರುತ್ತಿತ್ತು, ಇಳಿಯುತ್ತಿತ್ತು. ಚಿಕ್ಕಮಾದಪ್ಪ ಅದನ್ನು ನೋಡುತ್ತ ನಿಂತವನು ಇದ್ದಕ್ಕಿದ್ದಂತೆ ಕೈಯಲ್ಲಿದ್ದ ಪೈಪನ್ನು ಅಲ್ಲೇ ಬಿಸಾಡಿ ಬೈಕಿಗೆ ಓಡಿದ.

ಅಜ್ಜೀಪುರದಲ್ಲಿ ಇಳಿದಾಗ, ಅಷ್ಟು ಅವಸರದಲ್ಲೂ, ಕಾಲು ತಾನಾಗಿ ಓಣಿಗೇ ತಿರುಗಿತು.

ಬಲೆಯ ಪಕ್ಕ ಗೋಣಿಚೀಲ ಹಾಸಿತ್ತು. ಅದರ ಮೇಲೆ ಸತ್ತ ಕೋಳಿಗಳು ಸಾಲಾಗಿ. ಕೊನೆಯಲ್ಲಿ ಕೆಂಪಿ. ಅದರ ಕತ್ತನ್ನು ಯಾರೋ ನೇರ ಮಾಡಿ ಮಲಗಿಸಿದ್ದರು.

ಬದುಕಿದವೆಲ್ಲ ಒಂದರ ಮೇಲೊಂದು ಬಿದ್ದು ನೀರು ಕುಡಿಯುತ್ತಿದ್ದವು. ಅವನ ತಟ್ಟೆಯಲ್ಲಿ. ಕೊಕ್ಕು ತಾಗಿದಾಗಲೆಲ್ಲ ಸ್ಟೀಲು ಟಣ್ ಟಣ್ ಅನ್ನುತ್ತಿತ್ತು.

ಕುಸುಮ ಗೂಡಿಗೆ ಒರಗಿ ಕೂತಿದ್ದಳು. ಅವಳ ತೋರುಬೆರಳಿನ ತುದಿ ಸುಲಿದು ಕೆಂಪಾಗಿತ್ತು.

“ಬೆಳಗಿಂದ ಪಿನ್ ತಟ್ಟಿ ತಟ್ಟಿ ತೋರುಸ್ದೆ,” ಎಂದಳು, ಅವನ ಕಡೆ ನೋಡದೆ. “ಒಂದು ಪಡ್ಡೆಕೋಳಿ ಕಲ್ತ್‌ಕತು. ಅದ್ನ ನೋಡಿ ಎಲ್ಲ ಕಲೀತವ ಅಂತ ಕಾದೆ. ಅವ್ವ ನೀರು ಮಡಗು ಅಂದ್ಲು. ನಾನೇ ಬುಡ್ಲಿಲ್ಲ. ಅವ್ನು ಬ್ಯಾಡ ಅಂದವ್ನೆ, ಅವ್ನಿಗ ಗೊತ್ತಿರ್ತದ ಅಂದೆ.”

“ಕುಸುಮಾ, ನಾನು ಸುಳ್ಳು ಯೋಳ್ದೆ.”

“ಗೊತ್ತಾಯ್ತು.”

“ಯಾವಾಗ?”

“ಕೆಂಪಿ ನನ್ ಬೊಗ್ಸ ಕುಕ್ತು. ಕೈ ಒಣ್ಗಿತ್ತಲ್ಲ, ಬರೀ ಕೈಯ ಕುಕ್ತು. ನೀರು ತರಾಕ ಎದ್ದೆ, ಅಷ್ಟ್ರಲ್ಲಿ ಕತ್ತು ಬಿತ್ತು. ಆಗ ಗೊತ್ತಾಯ್ತು.”

ಅವನು ಮಂಡಿಯೂರಿದ. ಹೇಳಲು ಎಷ್ಟೋ ಇತ್ತು. ತನ್ನ ಅಪ್ಪ, ತಾತ, ತಾತನ ಅಪ್ಪ, ಎಲ್ಲರ ಬಾಯಾರಿಕೆಯೂ ಇತ್ತು. ಅದನ್ನೆಲ್ಲ ಒಂದು ಕೆಂಪು ಹೇಟೆಯ ತಲೆಗೆ ಕಟ್ಟಿದ್ದ. ನ್ಯಾಯ ಕೇಳಲು ಬಂದವನ ಕೈಯಲ್ಲಿ ಈಗ ಕೇಳುವುದಕ್ಕೆ ಏನೂ ಉಳಿದಿರಲಿಲ್ಲ.

“ನಂಗ ಒಡೀಬೇಕಾಗಿತ್ತು ನೀನು,” ಎಂದಳು. “ಆ ತಟ್ಟೆ ನನ್ ಮುಖಕ್ಕೇ ಎಸೀಬೇಕಾಗಿತ್ತು. ನಾನು ತಪ್ಪೇ ಮಾಡಿದ್ದೆ. ರಾತ್ರಿಯೆಲ್ಲ ಯೋಚ್ನ ಮಾಡ್ದೆ, ನೀನು ಚೊಂಬು ಯಾಕ ಕೇಳ್ದೆ ಅಂತ. ಬೆಳಗಾದ್ರ ಫೋನ್ ಮಾಡಿ ಬಾ ಅನ್ನವ, ಕೊಡ್ತೀನಿ ಅನ್ನವ ಅಂತಿದ್ದೆ. ನೀನು ಫೋನೇ ಆನ್ ಮಾಡ್ಲಿಲ್ಲ.”

ದೊಡ್ಡಮಾದಮ್ಮ ಹೊರಗೆ ಬಂದಳು. ಇವತ್ತು ದನಿಯಲ್ಲಿ ಜೇನು ಇರಲಿಲ್ಲ. “ಮತ್ತ ಬಂದ್ಯೇನ್ಲಾ? ಮಾಡ ಮನೆಹಾಳ್ ಕೆಲ್ಸ ಮಾಡ್ಬುಟ್ಟು, ಯಾವ ಮುಖ ಒತ್ಕಂಡು ಬಂದ್ಯೋ?”

ಕುಸುಮ ಎದ್ದು ತಾಯಿಯ ಪಕ್ಕದಿಂದಲೇ ಒಳಗೆ ಹೋದಳು. ಬಂದಾಗ ಅವಳ ಕೈಯಲ್ಲಿ ಹಿತ್ತಾಳೆ ಚೊಂಬು. ಹುಣಸೆಹಣ್ಣಿನಲ್ಲಿ ಬೆಳಗಿ ಬೆಳಗಿ ಅಂಚು ಸವೆದ, ಆ ಮನೆಗೆ ಬಂದ ನೆಂಟರೆಲ್ಲ ಕುಡಿದ ಚೊಂಬು. ತುಂಬಿ ತುಳುಕುತ್ತಿತ್ತು.

“ಅಮ್ಮೀ! ಏನಮ್ಮೀ ಮಾಡ್ತಿದ್ದಯ? ಮಡಗು ಅದ್ನ!” ಎಂದು ತಾಯಿ ಕೂಗಿದಳು.

“ಕುಡಿ,” ಎಂದಳು ಕುಸುಮ ಅವನಿಗೆ.

“ಈಗ ಬ್ಯಾಡ…”

“ಕುಡಿ. ಎತ್ತಿ ಅಲ್ಲ. ಕಚ್ಚಿ ಕುಡಿ.”

ಅವನು ಚೊಂಬನ್ನು ಬಾಯಿಗೆ ಇಟ್ಟು, ತುಟಿ ಒತ್ತಿ ಕುಡಿದ. ತಣ್ಣಗಿತ್ತು. ಅಷ್ಟು ತಣ್ಣನೆಯ ನೀರು ಗಂಟಲಿನಲ್ಲಿ ಕಲ್ಲಿನ ಹಾಗೆ ಇಳಿಯಿತು. ಅರ್ಧ ಕುಡಿದು ನಿಲ್ಲಿಸಿದ.

ಅವಳು ಚೊಂಬನ್ನು ಅವನ ಕೈಯಿಂದ ತೆಗೆದುಕೊಂಡಳು. ಅವನ ತುಟಿ ಇದ್ದ ಜಾಗವನ್ನು ಹುಡುಕಿ, ಅಲ್ಲೇ ತನ್ನ ತುಟಿ ಇಟ್ಟು, ಉಳಿದದ್ದನ್ನು ಕೊನೆಯ ಹನಿವರೆಗೆ ಕುಡಿದಳು. ಕಣ್ಣು ಮುಚ್ಚಲಿಲ್ಲ. ಕುಡಿಯುವಷ್ಟು ಹೊತ್ತೂ ಅವನನ್ನೇ ನೋಡಿದಳು. ಮೊದಲ ದಿನದ ಆ ನಗುವ ಕಣ್ಣುಗಳೇ. ಈಗ ತುಂಬಿದ್ದವು.

ದೊಡ್ಡಮಾದಮ್ಮ ಬಾಗಿಲಿಗೆ ಒರಗಿ ನಿಂತುಬಿಟ್ಟಳು.

“ನೀನು ಕೇಳಿದ್ನ ಕೊಟ್ಟೆ,” ಎಂದಳು ಕುಸುಮ, ಬಾಯಿ ಒರೆಸಿಕೊಳ್ಳದೆ. “ನಾನು ಒಂದು ಕೇಳ್ತೀನಿ, ಕೊಡು.”

“ಏನ್ ಬೇಕಾದ್ರೂ.”

“ಇನ್ ಬರ್ಬ್ಯಾಡ.”

ತಟ್ಟೆಯಲ್ಲಿ ಕೊಕ್ಕುಗಳು ಟಣ್ ಟಣ್ ಅನ್ನುತ್ತಿದ್ದವು.

“ಯಳಂದೂರು…” ಎಂದ ಅವನು.

“ಬತ್ತಿದ್ದೆ ಕಣಾ,” ಎಂದಳು. “ಕೆಂಪಿನ ಮಡ್ಲಲ್ಲಿ ಕೂರುಸ್ಕಂಡು, ಅವ್ವ ಅಡ್ಡ ಬಿದ್ರೂ ದಾಟ್ಕಂಡು ಬತ್ತಿದ್ದೆ. ನನ್ ಕಂಡ್ರ ನಿಂಗ ಎಷ್ಟ್ ಪ್ರೀತಿಯೋ ಅಷ್ಟೇ ಕೋಪ ಅದ. ಅದು ನ್ಯಾಯವಾದ್ದೇ. ಆದ್ರ ಅದು ಯಾವಾಗ ಯಾರ್ ಕತ್ತಿಗ ಬೀಳ್ತದೋ ಅಂತ ಕಾಯ್ಕಂಡು ನಂಗ ಬಾಳಾಕಾಗಲ್ಲ.”

ಅವನು ತಲೆ ಬಗ್ಗಿಸಿ ಓಣಿಯ ಕಡೆ ತಿರುಗಿದ.

“ಅಲ್ಲಲ್ಲ,” ಎಂದಳು. “ಒಳ್ಗಡಯಿಂದ ಓಗು. ಮುಂದ್ಗಡ ಬಾಗ್ಲಲ್ಲಿ.”

ಚಿಕ್ಕಮಾದಪ್ಪ ಆ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಹೊರಗೆ ಹೋಗಲಿಕ್ಕೆ. ಅಡುಗೆಮನೆಯ ಒಲೆ, ಗೋಡೆಯ ಸ್ಟ್ಯಾಂಡಿನಲ್ಲಿ ಅವಳ ಅಪ್ಪನ ಹೆಸರಿದ್ದ ತಟ್ಟೆಗಳ ಸಾಲು, ನಡುಮನೆಯ ತಂಪು ನೆಲ, ದೇವರ ಪಟದ ಮುಂದೆ ಬಾಡಿದ ಹೂವು. ಅವಳು ಹಿಂದೆಯೇ ನಡೆದು ಬಂದಳು. ಎರಡು ಹೆಜ್ಜೆ ದೂರದಲ್ಲಿ ಅವಳ ಉಸಿರು ಕೇಳುತ್ತಿತ್ತು. ತಿರುಗಿದರೆ ಹಿಡಿದುಕೊಳ್ಳುತ್ತೇನೆ, ಹಿಡಿದುಕೊಂಡರೆ ಅವಳು ಬಿಡಿಸಿಕೊಳ್ಳುವುದಿಲ್ಲ ಅನ್ನುವುದು ಅವನಿಗೆ ಗೊತ್ತಾಯಿತು. ಅದಕ್ಕೇ ತಿರುಗಲಿಲ್ಲ. ಅವಳು ಕೇಳಿದ್ದನ್ನು ಕೊಡಲು ಅವನ ಹತ್ತಿರ ಇದ್ದದ್ದು ಅದೊಂದೇ.

ಹೊಸಿಲು ದಾಟಿದ. ಹಿಂದೆ ಬಾಗಿಲು ಮುಚ್ಚಿತು. ಚಿಲಕ ಬಿತ್ತು. ಆಮೇಲೆ, ಬಾಗಿಲಿನ ಆ ಬದಿಯಲ್ಲಿ, ಯಾರೋ ಮೆಲ್ಲಗೆ ಕುಸಿದು ಕೂತ ಸದ್ದು.

ಬೈಕು ಹತ್ತಿ ಹೊರಟ. ತುಟಿಯ ಮೇಲೆ ಆ ಚೊಂಬಿನ ತೇವ ಇನ್ನೂ ಇತ್ತು. ಒರೆಸಿಕೊಳ್ಳಲಿಲ್ಲ. ಬಿಸಿಗಾಳಿ ಎದುರಿನಿಂದ ಬೀಸಿ ಬೀಸಿ, ಹನೂರು ಕಾಣುವ ಮೊದಲೇ ಅದನ್ನೂ ಒಣಗಿಸಿತು. ದಾರಿಯಲ್ಲಿ ಎರಡು ಕಡೆ ಎಳನೀರು ಇತ್ತು, ಒಂದು ಕಡೆ ಅರವಟ್ಟಿಗೆ ಇತ್ತು. ಅವನು ಎಲ್ಲೂ ನಿಲ್ಲಿಸಲಿಲ್ಲ.